ವರ್ಡ್ ಬಾಗಿಲಿಗೆ ಎರಡನೇ ಕಾವಲುಗಾರ ಬೇಕೆ?

ದೈವದ ನೇಮದ ಆಮಂತ್ರಣ ಪತ್ರಿಕೆ ತಿದ್ದಿಸಲು ಮಂಗಳೂರಿನ ಹಂಪನಕಟ್ಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಕೂತಿದ್ದೆ. ವರ್ಡ್ ತೆರೆದುಕೊಳ್ಳುವಷ್ಟರಲ್ಲಿ ನನ್ನ ಚಹಾ ಮುಗಿದಿತ್ತು. ‘ಆಂಟಿವೈರಸ್ ಚೆಕ್ ಮಾಡ್ತಾ ಉಂಟು ಸಾರ್’ ಎಂದಳು ಹುಡುಗಿ. ಅಂತೂ ಫೈಲ್ ತೆರೆಯಿತು. ಮೇಲೆ ಹಳದಿ ಪಟ್ಟಿ ಬಂತು. ಅದರಲ್ಲಿದ್ದ ಬಟನ್ನನ್ನು ಆಕೆ ಓದದೆಯೇ ಒತ್ತಿದಳು!

ವರ್ಡ್‌ಗೆಂದೇ ಆಂಟಿವೈರಸ್ ಆಡ್-ಇನ್, ಅಂದರೆ ವರ್ಡ್ ಒಳಗೇ ಕೂರುವ ಹೆಚ್ಚುವರಿ ತಂತ್ರಾಂಶ, ಬೇಡ. 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಎಂಬ ಮ್ಯಾಕ್ರೋ (ಡಾಕ್ಯುಮೆಂಟ್ ಒಳಗೇ ಅಡಗಿ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ವೈರಸ್, ಇಮೇಲ್ ತಂತ್ರಾಂಶ ಔಟ್‌ಲುಕ್‌ನ ಮೊದಲ 50 ವಿಳಾಸಗಳಿಗೆ ತನ್ನನ್ನೇ ಕಳಿಸಿಕೊಳ್ಳುತ್ತಿದ್ದ ಕಾಲಕ್ಕೆ ಅದಕ್ಕೊಂದು ಅರ್ಥವಿತ್ತು. ಈಗ ವಿಂಡೋಸ್ 10, 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಜೊತೆಗೇ ಬರುತ್ತದೆ, ಫೈಲ್ ತೆರೆಯುವಾಗಲೇ ನೋಡುತ್ತದೆ. 2018ರಿಂದ ಆಫೀಸ್ 365 (ಈಗಿನ ಮೈಕ್ರೋಸಾಫ್ಟ್ 365), ಓಡುತ್ತಿರುವ ಮ್ಯಾಕ್ರೋವನ್ನೂ ಆಂಟಿವೈರಸ್‌ಗೆ ತೋರಿಸುತ್ತದೆ. ಆಡ್-ಇನ್ ಮಾಡುವುದು ನೋಡಿದ್ದನ್ನೇ ಮತ್ತೊಮ್ಮೆ ನೋಡುವ ಕೆಲಸ.

ಮೊದಲು ವಿಂಡೋಸ್ ಸೆಕ್ಯುರಿಟಿಯಲ್ಲಿ ಹಸಿರು ಟಿಕ್ ಇದೆಯೇ ನೋಡಿ. ಲ್ಯಾಪ್‌ಟಾಪ್ ಜೊತೆ ಬಂದು ಅವಧಿ ಮುಗಿದ ಟ್ರಯಲ್ ಆಂಟಿವೈರಸ್ ಇದ್ದರೆ ಪೂರ್ತಿ ಕಿತ್ತುಹಾಕಿ, ರೀಸ್ಟಾರ್ಟ್ ಮಾಡಿ, ಟಿಕ್ ಮತ್ತೆ ನೋಡಿ.

ಆಡ್-ಇನ್ ತೆಗೆಯಲು ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಆಡ್-ಇನ್ಸ್. ಕೆಳಗಿನ ‘ಮ್ಯಾನೇಜ್’ನಲ್ಲಿ ಕಾಮ್ (COM) ಆಡ್-ಇನ್ಸ್ ಆರಿಸಿ ‘ಗೋ’ ಒತ್ತಿ, ಆಂಟಿವೈರಸ್ ಹೆಸರಿನ ಮುಂದಿನ ಟಿಕ್ ತೆಗೆಯಿರಿ. ವರ್ಡ್ ತೆರೆಯದೇ ಸತಾಯಿಸಿದರೆ ಕಂಟ್ರೋಲ್ ಕೀ ಹಿಡಿದು ತೆರೆಯಿರಿ. ಸೇಫ್ ಮೋಡ್‌ನಲ್ಲಿ ಬರುತ್ತದೆ.

ಜನ ಎಡವುವುದು ಆ ಹಳದಿ ಪಟ್ಟಿಯಲ್ಲಿ. ಪಟ್ಟಿ ಒಂದಲ್ಲ, ಎರಡು. ಇಂಟರ್ನೆಟ್‌ನಿಂದ ಇಳಿಸಿದ ಫೈಲ್‌ಗೆ ಮೊದಲು ಬರುವುದು ‘ಎನೇಬಲ್ ಎಡಿಟಿಂಗ್’. ಕಳಿಸಿದವರ ಪರಿಚಯವಿದ್ದು, ತಿದ್ದಲೋ ಪ್ರಿಂಟ್ ತೆಗೆಯಲೋ ಇದ್ದರೆ ಅದನ್ನು ಒತ್ತಬಹುದು. ಅದಾದ ಮೇಲೆ ‘ಎನೇಬಲ್ ಕಂಟೆಂಟ್’ ಎಂದು ಬಂತೋ, ಅಲ್ಲಿಗೆ ಕೈ ಹಿಂದೆ. ಅದು ಮ್ಯಾಕ್ರೋ ಓಡಿಸುವ ಬಟನ್. ಆಮಂತ್ರಣ ಪತ್ರಿಕೆ, ಬಯೋಡೇಟಾ, ಪ್ರಾಜೆಕ್ಟ್ ರಿಪೋರ್ಟಿಗೆ ಮ್ಯಾಕ್ರೋ ಯಾಕೆ ಮಾರಾಯ್ರೆ? ‘ಪೂರ್ತಿ ಕಾಣಬೇಕಾದರೆ ಎನೇಬಲ್ ಕಂಟೆಂಟ್ ಒತ್ತಿ’ ಎಂದು ಡಾಕ್ಯುಮೆಂಟ್ ಒಳಗೇ ಚಿತ್ರ ಹಾಕಿದ್ದರೆ ಅದು ಮೋಸವೇ. 2022ರ ನಂತರದ ಆಫೀಸ್‌ನಲ್ಲಿ ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋ ಫೈಲ್‌ಗಳಿಗೆ ಕೆಂಪು ಪಟ್ಟಿ ಬರುತ್ತದೆ, ‘ಎನೇಬಲ್ ಕಂಟೆಂಟ್’ ಬಟನ್ನೇ ಇರುವುದಿಲ್ಲ. ಆಗ ಪ್ರಾಪರ್ಟೀಸ್‌ಗೆ ಹೋಗಿ ‘ಅನ್‌ಬ್ಲಾಕ್’ ಮಾಡಿ ಎಂದು ಯಾರಾದರೂ ಹೇಳಿದರೆ ಅವರನ್ನೇ ಬ್ಲಾಕ್ ಮಾಡಿ.

ಅದೇ ಆಪ್ಷನ್ಸ್‌ನಲ್ಲಿರುವ ಟ್ರಸ್ಟ್ ಸೆಂಟರ್‌ನ ಮ್ಯಾಕ್ರೋ ಸೆಟ್ಟಿಂಗ್ಸ್‌ನಲ್ಲಿ ‘ಡಿಸೇಬಲ್… ವಿತ್ ನೋಟಿಫಿಕೇಶನ್’ ಇರಲಿ. ಮ್ಯಾಕ್ರೋ ಮುಖವನ್ನೇ ನೋಡದ ಅಂಗಡಿಯಾದರೆ ‘ವಿದೌಟ್’ ಇಡಿ ಎಂಬುದು ನನ್ನ ಹಠ. ಪಕ್ಕದಲ್ಲೇ ಇರುವ ಟ್ರಸ್ಟೆಡ್ ಲೊಕೇಶನ್ಸ್‌ಗೆ ಡೌನ್‌ಲೋಡ್ಸ್ ಫೋಲ್ಡರ್ ಸೇರಿಸಿದವರನ್ನು ನೋಡಿದ್ದೇನೆ. ಪಟ್ಟಿಯ ಕಿರಿಕಿರಿ ತಪ್ಪಿತೆಂದು ಅವರಿಗೆ ಖುಷಿ. ಆ ಫೋಲ್ಡರ್‌ನ ಮ್ಯಾಕ್ರೋ ಕೇಳದೆಯೇ ಓಡುತ್ತದೆ ಎಂಬುದು ಗೊತ್ತಿಲ್ಲ.

ಕ್ರ್ಯಾಕ್ ಮಾಡಿದ ಆಫೀಸ್ ಬಳಸುವವರಿಗೆ ಇದ್ಯಾವುದೂ ಅನ್ವಯಿಸದು. ಡಿಫೆಂಡರ್ ಆಫ್ ಮಾಡಿಯೇ ಅದನ್ನು ಹಾಕಿಕೊಂಡಿರುತ್ತಾರೆ. ಉಳಿದವರಿಗೂ ಅಪ್‌ಡೇಟ್ ಬೇಕೇ ಬೇಕು. 2022ರಲ್ಲಿ ಬಯಲಾದ ಫೋಲಿನಾ ಎಂಬ ದೋಷದ ಮೂಲಕ ವರ್ಡ್ ಫೈಲ್‌ನಿಂದ ದಾಳಿ ಮಾಡಲು ಮ್ಯಾಕ್ರೋವೇ ಬೇಕಿರಲಿಲ್ಲ.

ಇನ್ನು ಪೆನ್‌ಡ್ರೈವ್. ಮೊದಲ ಹಳದಿ ಪಟ್ಟಿ, ಕೆಂಪು ಪಟ್ಟಿ ಬರುವುದು ಫೈಲ್ ಮೇಲಿರುವ ‘ಇದು ಇಂಟರ್ನೆಟ್‌ನಿಂದ ಬಂದದ್ದು’ ಎಂಬ ಗುರುತಿನಿಂದ. ಆ ಗುರುತು ಎನ್‌ಟಿಎಫ್‌ಎಸ್ ಎಂಬ ಮಾದರಿಯ ಡಿಸ್ಕ್‌ನಲ್ಲಿ ಮಾತ್ರ ಉಳಿಯುತ್ತದೆ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ ಬೇರೆ ಮಾದರಿಯವು. ಅದರಲ್ಲಿ ಬಂದ ಫೈಲ್‌ಗೆ ಮೊದಲ ಹಳದಿ ಪಟ್ಟಿಯೂ ಇಲ್ಲ, ಕೆಂಪು ಪಟ್ಟಿಯೂ ಇಲ್ಲ. ಕಾಲೇಜು ಮಕ್ಕಳು ಸಾಲುಗಟ್ಟಿ ಪೆನ್‌ಡ್ರೈವ್ ಚಾಚುವ ಮಣಿಪಾಲದ ಕಡೆಯ ಜೆರಾಕ್ಸ್ ಅಂಗಡಿಗಳಿಗೆ ನನ್ನ ಸಲಹೆ: ಫೈಲನ್ನು ಇಮೇಲ್ ಮಾಡಲು ಹೇಳಿ. ಆಗದಿದ್ದರೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ತೆರೆಯಿರಿ. ಬರೀ ಪ್ರಿಂಟ್ ಸಾಕೆಂದರೆ ಪಿಡಿಎಫ್ ಮಾಡಿ ತರಲು ಹೇಳಿ. ಅಕ್ಷರ ಒಡೆದು ಬಂತೆಂಬ ಜಗಳವೂ ತಪ್ಪುತ್ತದೆ.