ಕೂಗಿ, ಆದರೆ ನಮ್ಮವರನ್ನು ಕೂಗಿ

ಮಂಡ್ಯದ ಸಿಮೆಂಟ್ ಅಂಕಣದಲ್ಲಿ ನಾನು ಬಾಸ್ಕೆಟ್‌ಬಾಲ್ ಕಲಿಸುವ ಹುಡುಗಿಯರು ಪ್ರತಿ ವರ್ಷವೂ ಕೇಳುತ್ತಾರೆ: "ಮೇಡಂ, ಶಾಟ್ ಹೊಡೆಯುವವಳ ಪಕ್ಕ ಕಿರುಚಬಹುದೇ?" ಕಿರುಚಬಾರದು. ಹಾಗೆಂದು ಮೌನವಾಗಿ ಡಿಫೆನ್ಸ್ ಆಡಿದರೂ ನನಗೆ ಸಿಟ್ಟು ಬರುತ್ತದೆ.

ಮಾತು ಯಾರಿಗೆ ಎಂಬುದೇ ಮುಖ್ಯ. ಸಹ ಆಟಗಾರ್ತಿಗೆ ಸೂಚನೆ ಮುಟ್ಟಿಸುವ ಕೂಗು ಆಟದ ಭಾಗ. ಚೆಂಡು ಹಿಡಿದವಳನ್ನು ಕಾಯುವಾಗ "ಬಾಲ್, ಬಾಲ್" ಎನ್ನಿ. ಅವಳು ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುವುದು) ನಿಲ್ಲಿಸಿದ ಕೂಡಲೇ ಐವರೂ "ಡೆಡ್, ಡೆಡ್!" ಎಂದು ಕೂಗಿ. ಪಾಸಿನ ದಾರಿ ಮುಚ್ಚಿ ಎಂದು ನಮ್ಮವರಿಗೆ ಅದರ ಅರ್ಥ. ನೀವು ಒಂದು ಮೀಟರಿನೊಳಗೆ ನಿಂತು ಕಾಯುತ್ತಿದ್ದರೆ 5 ಸೆಕೆಂಡಿನಲ್ಲಿ ಚೆಂಡು ಬಿಡಬೇಕೆಂಬ ನಿಯಮ ಅವಳಿಗೂ ಗೊತ್ತು. ಗಾಬರಿ ತಾನಾಗಿ ಹುಟ್ಟುತ್ತದೆ. ಆ ಗಾಬರಿ ನಮಗೆ ಪುಕ್ಕಟೆ ಲಾಭ. ಹೊರರಾಜ್ಯದ ತಂಡ ಎದುರಿದ್ದರೆ "ಎಡಕ್ಕೆ ಸ್ಕ್ರೀನ್ ಬರುತ್ತಿದೆ, ನೀನು ಅವಳನ್ನು ಹಿಡಿ" ಎಂದು ಕನ್ನಡದಲ್ಲೇ ಹೇಳಿ. ಸ್ಕ್ರೀನ್ ಎಂದರೆ ನಮ್ಮವಳ ದಾರಿಗೆ ಎದುರಾಳಿ ಅಡ್ಡ ನಿಲ್ಲುವುದು.

"ಶಾಟ್!" ಎಂಬ ಕೂಗಿನಲ್ಲಿ ಜಾಗ್ರತೆ ಬೇಕು. ರೀಬೌಂಡ್‌ಗೆ, ಅಂದರೆ ರಿಂಗಿಗೆ ಬಡಿದು ಮರಳುವ ಚೆಂಡು ಹಿಡಿಯಲು, ಸಿದ್ಧರಾಗಿ ಎಂದು ನಮ್ಮವರಿಗೆ ತಿಳಿಸುವ ಮಾತದು. ಚೆಂಡು ಎದುರಾಳಿಯ ಕೈಬಿಟ್ಟ ಮೇಲೆ, ರಿಂಗಿನತ್ತ ತಿರುಗುತ್ತ, ಒಮ್ಮೆ ಕೂಗಿದರೆ ಸಾಕು. ಅವಳು ಶಾಟ್ ಹೊಡೆಯುತ್ತಿರುವಾಗಲೇ ಪಕ್ಕದಲ್ಲಿ ಅಬ್ಬರಿಸಿದರೆ, ನೆಲಕ್ಕೆ ಕಾಲು ಬಡಿದರೆ, ಚಪ್ಪಾಳೆ ತಟ್ಟಿದರೆ ಅದು ಬೇರೆಯೇ ಕಥೆ. ನಮ್ಮಲ್ಲಿಯೂ ಪಾಲಿಸುವ ಫಿಬಾ (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮಗಳ ಪ್ರಕಾರ, ಬಾಸ್ಕೆಟ್ ಆದರೆ ಎಚ್ಚರಿಕೆ, ತಪ್ಪಿದರೆ ಟೆಕ್ನಿಕಲ್ ಫೌಲ್, ಅಂದರೆ ಮೈ ತಾಗದಿದ್ದರೂ ನಡವಳಿಕೆಗೆ ಬೀಳುವ ಫೌಲ್. ಅವರಿಗೊಂದು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಎಸೆತ. ಐದಾದರೆ ಆಟ ಮುಗಿಯುವ ನಿಮ್ಮ ಫೌಲ್‌ಗಳ ಲೆಕ್ಕಕ್ಕೆ ಒಂದು ಜಮೆ. ಎರಡು ಟೆಕ್ನಿಕಲ್ ಆದರೆ ಪಂದ್ಯದಿಂದಲೇ ಹೊರಗೆ.

ನನ್ನ ಹುಡುಗಿಯರು ಹೆಚ್ಚು ವಾದಿಸುವುದು ಇದರ ಬಗ್ಗೆ: "ಏಳನೇ ನಂಬರಿಗೆ ಎಡಗೈ ಆಟ ಬರುವುದಿಲ್ಲ, ಬಲಗಡೆ ಮುಚ್ಚಿ" ಎಂದು ಜೋರಾಗಿ ಹೇಳಬಹುದೇ? ಗೆಳತಿಯತ್ತ ನೋಡಿ ಹೇಳಿದರೆ ಅದು ಸೂಚನೆ. ಏಳನೆಯವಳ ಮುಖ ನೋಡಿ ನಗುತ್ತ ಹೇಳಿದರೆ ಕೆಣಕಿದಂತೆ, ಅದಕ್ಕೂ ಟೆಕ್ನಿಕಲ್ ಇದೆ. ರೆಫರಿಗೆ ಕನ್ನಡ ಬಾರದಿದ್ದರೂ ನಿಮ್ಮ ಮುಖ ಓದಲು ಬರುತ್ತದೆ! ಎದುರಾಳಿಯ ಗೆಳತಿಯಂತೆ ನಟಿಸಿ "ಇಲ್ಲಿ ಕೊಡು" ಎಂದು ಪಾಸ್ ಕೇಳುವ ಚೇಷ್ಟೆಯನ್ನಂತೂ ನಾನು ನನ್ನ ತಂಡದಲ್ಲಿ ಬಿಡುವುದಿಲ್ಲ.

ಫ್ರೀ ಥ್ರೋ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಿ. ನೀವು ಗಮನ ಕೆಡಿಸಿ ಅವಳ ಎಸೆತ ತಪ್ಪಿದರೆ ಇನ್ನೊಂದು ಎಸೆತ ಸಿಗುತ್ತದೆ. ಒಳಗೆ ಬಿದ್ದರೆ ಅಂಕ ಅವರದೇ. ಯಾವ ಲೆಕ್ಕದಲ್ಲೂ ನಿಮಗೆ ಗಿಟ್ಟುವುದಿಲ್ಲ. ಗ್ಯಾಲರಿಯಲ್ಲಿ ತಮ್ಮಂದಿರು, ಸೋದರಮಾವಂದಿರು ಬೊಬ್ಬೆ ಹೊಡೆಯುತ್ತಾರಲ್ಲ, ಆ ಕೆಲಸ ಅವರಿಗೇ ಇರಲಿ. ಬೆಂಚಿನಲ್ಲಿರುವವರೂ ಸುಮ್ಮನಿರಬೇಕು: ಅಲ್ಲಿಂದ ಬಂದ ಟೆಕ್ನಿಕಲ್ ಸ್ಕೋರ್‌ಶೀಟಿನಲ್ಲಿ ನನ್ನ ಹೆಸರಿನ ಮುಂದೆ ದಾಖಲಾಗುತ್ತದೆ.