ಕಾಗದವಿಲ್ಲದ ಸ್ಟೇಷನ್ನಿನ ವಯಸ್ಸು ಕಬ್ಬಿಣ ಹೇಳಿತು

ಗದಗ–ಹೊಟಗಿ ಲೈನಿನಲ್ಲಿ, ರೋಣ ತಾಲೂಕಿನ ಎರೆಹೊಲಗಳ ನಡುವೆ, ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಕಾಲಕ್ಕೇ ಮುಚ್ಚಿದ ಸಣ್ಣ ಸ್ಟೇಷನ್ ಅದು. ಹೆಸರು ಬರೆಯುವುದಿಲ್ಲ, ಬರೆದರೆ ಉಳಿದ ಕಬ್ಬಿಣವೂ ಗುಜರಿ ಸೇರುತ್ತದೆ. "ದಾಖಲೆನ ಇಲ್ಲ, ಏನ್ ಇತಿಹಾಸ ಬರೀತೀಯೋ, ಬಿಡಪಾ" ಅಂದಿದ್ದರು ಗೆಳೆಯರು.

1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಬರಗಾಲದ ಪರಿಹಾರಕ್ಕೆಂದು ಹಾಕಿದ ಲೈನು ಇದು, ಅಷ್ಟು ಗೊತ್ತಿತ್ತು. ಲೂಪ್ ಲೈನು, ಅಂದರೆ ಮೇನ್ ಲೈನಿನಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ, ಮೊದಲಿನಿಂದ ಇತ್ತೋ ಆಮೇಲೆ ಬಂತೋ ಅನ್ನುವುದೇ ನನಗೆ ಬೇಕಿತ್ತು. ಕಚೇರಿಗಳಿಗೆ ಅಲೆದು ಪೆಟ್ರೋಲ್ ಸುಟ್ಟಿದ್ದಷ್ಟೇ ಬಂತು. ಹಳೆ ಟಿಕೆಟ್ ಮಾರುವವನಿಗೆ ಮೂರ್ನಾಲ್ಕು ಸಾವಿರ ಕೊಟ್ಟೆ, ಒಂದರ ಮೇಲೂ ಈ ಸ್ಟೇಷನ್ನಿನ ಹೆಸರಿರಲಿಲ್ಲ. ಊರ ಹಿರಿಯರು ಹೇಳಿದ ವರ್ಷಗಳು ಒಬ್ಬರಿಂದ ಒಬ್ಬರಿಗೆ ಮೂವತ್ತು ವರ್ಷ ಆಚೀಚೆ.

ದಾರಿ ತೋರಿಸಿದ್ದು ಹಿಂಗಾರಿ ಜೋಳ. ಹಳಿಯ ಕೆಳಗೆ ಹಾಸಿದ್ದ ಜಲ್ಲಿ ಹೂತಿರುವಲ್ಲಿ ಎರೆಮಣ್ಣು ತೆಳು, ಹಸಿ ನಿಲ್ಲುವುದಿಲ್ಲ. ತೆನೆ ಕಟ್ಟುವ ಹೊತ್ತಿಗೆ ಅಷ್ಟು ಪಟ್ಟಿಯಲ್ಲಿ ಬೆಳೆ ಮೊಣಕಾಲುದ್ದಕ್ಕೇ ನಿಂತಿತ್ತು. ಸುಗ್ಗಿ ಮುಗಿದ ಮೇಲೆ ಹೊಲದವರನ್ನು ಒಪ್ಪಿಸಿ, ಇಬ್ಬರು ಆಳು ಹಚ್ಚಿ ಅಗೆಸಿದೆ. ಲೂಪಿನ ತುದಿಯ ಕಬ್ಬಿಣದ ಸ್ಲೀಪರುಗಳು (ಹಳಿಯ ಅಡಿಗೆ ಇಡುವ ಆಧಾರ) ಹಾಗೇ ಇದ್ದವು.

ತುಕ್ಕಿನೊಳಗಿನ ಅಕ್ಷರ ಎಬ್ಬಿಸುವುದೇ ಕೆಲಸ. ಸೀಮೆಸುಣ್ಣ ಉಜ್ಜಿದೆ, ತೆಳು ಕಾಗದ ಒತ್ತಿ ಪೆನ್ಸಿಲ್ ತಿಕ್ಕಿದೆ, ಏನೂ ಮೂಡಲಿಲ್ಲ. ಹುಣಸೆಹಣ್ಣಿನ ರಸ ಬಳಿದು ರಾತ್ರಿಯಿಡೀ ಬಿಟ್ಟು ತಂತಿ ಬ್ರಷ್ ಹೊಡೆದ ಮೇಲೆ ಇನ್ನೊಂದನ್ನು ಸವರುತ್ತೇನೆ. ಅದು ಸದ್ಯ ನನ್ನಲ್ಲೇ ಇರಲಿ. ಕತ್ತಲಲ್ಲಿ ಟಾರ್ಚನ್ನು ಪೂರ್ತಿ ಅಡ್ಡ ಹಿಡಿದಾಗ ಒಂದೊಂದೇ ಎದ್ದವು: ಎಂ, ಎಸ್, ಎಂ. ಅಂದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ. ಸದರ್ನ್ ಮರಾಠಾ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಆ ಹೆಸರು ಬಂದದ್ದೇ 1908ರಲ್ಲಿ. ಆಗಾಗ ಬದಲಿಸಿದ ಸ್ಲೀಪರುಗಳಾದರೆ ವರ್ಷಗಳು ಬೆರೆತಿರುತ್ತವೆ. ಇಲ್ಲಿ ಸಿಕ್ಕವುಗಳ ಮೇಲೆಲ್ಲ 1920ರ ದಶಕದ ಒಂದೇ ವರ್ಷ. ಲೂಪು ಆಮೇಲಿನದು, ಒಂದೇ ಸಲ ಹಾಕಿದ್ದು. ಮೊದಲು ನಕ್ಕವರೇ ಈಗ ಫೋಟೋ ಕೇಳುತ್ತಿದ್ದಾರೆ.

ಬೇಲಿಗೆ ನೆಟ್ಟ ಹಳಿಯ ಅಡಿಯುದ್ದದ ಮುರುಕನ್ನೂ ತೂಗಿಸಿದೆ: ಆರು ಕೆಜಿ ಚಿಲ್ಲರೆ. ಗಜಕ್ಕೆ 41 ಪೌಂಡಿನ ಆಸುಪಾಸು, ಅಂದರೆ ಹಗುರವಾದ ಹಳೇ ಹಳಿ. ಆದರೆ ಹಳಿಯ ಮೇಲಿನ ವರ್ಷವೊಂದನ್ನೇ ನಂಬಬೇಡಿ. ಮೇನ್ ಲೈನಿನಲ್ಲಿ ಸವೆದದ್ದನ್ನೇ ತಂದು ಇಂಥ ಪಕ್ಕದ ಹಳಿಗೆ ಹಾಕುತ್ತಿದ್ದರು.

ಒಟ್ಟು ಹದಿನಾಲ್ಕು ಹದಿನೈದು ಸಾವಿರ ಹೋಗಿರಬೇಕು. ಫೋಟೋ ತೆಗೆದು ಮಣ್ಣು ಮುಚ್ಚಿದೆವು, ಒಂದು ಮೊಳೆಯನ್ನೂ ತರಲಿಲ್ಲ. ಮುಂದೆ ಅಳ್ನಾವರ–ದಾಂಡೇಲಿ ಲೈನು. ಅದು ಕಾಡು, ಜೋಳದ ಗುರುತು ನಡೆಯುವುದಿಲ್ಲ. ಬೇರೆ ಉಪಾಯ ಹುಡುಕುತ್ತಿದ್ದೇನೆ.