ರೊಟ್ಟಿಯೂಟದಲ್ಲಿ ನಿಂಬೆಹಣ್ಣಿನ ಸರಿಯಾದ ಬಳಕೆ

ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ನಿಂಬೆಹಣ್ಣನ್ನು ಶರಬತ್ತಿಗೆಂದೇ ಕೊಳ್ಳುತ್ತೇವೆ. ಆದರೆ ಅದರ ಪೌಷ್ಟಿಕ ಗುಣ ಹೆಚ್ಚು ಫಲ ಕೊಡುವುದು ಊಟದ ತಾಟಿನಲ್ಲಿ. 100 ಗ್ರಾಂ ನಿಂಬೆರಸದಲ್ಲಿ ಸುಮಾರು 30 ಮಿಲಿಗ್ರಾಂ ಸಿ ಜೀವಸತ್ವವಿರುವುದರಿಂದ, ಒಂದು ಹಣ್ಣಿನಿಂದ ದೊರೆಯುವುದು ಹೆಚ್ಚೆಂದರೆ 10 ಮಿಲಿಗ್ರಾಂ ಆಸುಪಾಸು. ಪೇರಲಹಣ್ಣಿನ ಮುಂದೆ ಇದು ಏನೇನೂ ಅಲ್ಲ. ಆದರೂ ಜೋಳದ ರೊಟ್ಟಿ, ಹೆಸರುಕಾಳು, ಮೆಂತ್ಯಸೊಪ್ಪಿನಂಥ ಸಸ್ಯಾಹಾರದಲ್ಲಿ ಫೈಟೇಟ್ ಎಂಬ ಸಹಜ ಸಂಯುಕ್ತ ಹಿಡಿದಿಟ್ಟುಕೊಳ್ಳುವ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುವಲ್ಲಿ ಆ ಸಿ ಜೀವಸತ್ವವೂ ಸಿಟ್ರಿಕ್ ಆಮ್ಲವೂ ನೆರವಾಗುತ್ತವೆ.

ಈ ನೆರವು ಸಿಗಬೇಕಾದರೆ ನಿಂಬೆರಸ ಅದೇ ಊಟದೊಂದಿಗೆ ಹೊಟ್ಟೆ ಸೇರಬೇಕು. ಸಿ ಜೀವಸತ್ವ ಶಾಖಕ್ಕೂ ಗಾಳಿಗೂ ನಾಶವಾಗುವ ಕಾರಣ, ಕುದಿಯುವ ಬ್ಯಾಳಿಗೆ ಹಿಂಡದೆ, ಪಲ್ಯವನ್ನು ಒಲೆಯಿಂದ ಇಳಿಸಿ ಬಡಿಸಿದ ಮೇಲೆ ಹಿಂಡಿಕೊಳ್ಳಿರಿ. ತೆಳುಸಿಪ್ಪೆಯ, ಕೈಗೆ ತೂಕವೆನಿಸುವ ಹಣ್ಣನ್ನು ಆರಿಸಿ, ಅಂಗೈಯಡಿ ಒತ್ತಿ ಉರುಳಿಸಿ ಕೊಯ್ದರೆ ರಸ ಚೆನ್ನಾಗಿ ಬಿಡುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ರಸವನ್ನು ಇಡಬಾರದು. ಪುಂಡಿಪಲ್ಯಕ್ಕೆ ತನ್ನದೇ ಹುಳಿ ಇರುವುದರಿಂದ ಅದರ ಮೇಲೆ ನಿಂಬೆ ಹಿಂಡುವುದು ರುಚಿಗೆಟ್ಟ ಕೆಲಸ.

ಮುಂಜಾನೆ ಮಂಡಕ್ಕಿ ಒಗ್ಗರಣೆಗೆ ನಿಂಬೆ ಹಿಂಡಿಕೊಂಡು, ಕೊನೆಯ ಮಿರ್ಚಿ ಮುಗಿಯುವ ಮೊದಲೇ ಚಹಾ ಹೇಳುವುದು ನಮ್ಮ ಕಡೆಯ ರೂಢಿ. ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್ ಎಂಬ ಸಂಯುಕ್ತಗಳು ಕಬ್ಬಿಣಾಂಶವನ್ನು ಮತ್ತೆ ಕಟ್ಟಿಹಾಕುತ್ತವೆ; ಚಹಾವನ್ನು ಒಂದು ತಾಸು ಮುಂದೂಡುವುದು ಒಳ್ಳೆಯದು. ರಕ್ತಹೀನತೆ ಇರುವವರು ವೈದ್ಯರು ಕೊಟ್ಟ ಮಾತ್ರೆಯನ್ನು ನಿಂಬೆಯ ಭರವಸೆಯಲ್ಲಿ ಬಿಡಬಾರದು.

ಬಿಸಿಲಲ್ಲಿ ಬೆವರಿ ನೀರು ಕಡಿಮೆ ಕುಡಿಯುವವರಲ್ಲಿ ಮೂತ್ರ ಗಟ್ಟಿಯಾಗಿ ಹರಳು ಕಟ್ಟುವ ಸಂಭವ ಹೆಚ್ಚು. ನಿಂಬೆಯ ಸಿಟ್ರೇಟ್ ಮೂತ್ರದ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುವುದನ್ನು ತಡೆಯಲು ನೆರವಾಗುತ್ತದೆಯಾದರೂ, ಇಲ್ಲಿ ಮುಖ್ಯ ಪಾತ್ರ ನೀರಿನದೇ. ಆದ್ದರಿಂದ ಶರಬತ್ತು ತೆಳುವಾಗಿರಲಿ, ಸಕ್ಕರೆ ಮಿತವಾಗಿರಲಿ. ರಕ್ತದೊತ್ತಡವಿರುವವರು ಉಪ್ಪು ಬಿಡಲಿ. ವಾಂತಿಭೇದಿಯಾದ ಮಗುವಿಗೆ ಶರಬತ್ತಲ್ಲ, ಓಆರ್‌ಎಸ್ ಬೇಕು. ಬರಿಹೊಟ್ಟೆಯಲ್ಲಿ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೆ ಕೊಬ್ಬು ಕರಗುತ್ತದೆಂಬ ಮಾತಿಗೆ ಆಧಾರವಿಲ್ಲ. ಎದೆಯುರಿ ಇರುವವರಿಗೆ ಅದರಿಂದ ತೊಂದರೆಯೇ ಹೆಚ್ಚು.

ಹುಳಿ ಹಲ್ಲಿನ ಎನಾಮಲ್ಲನ್ನು ಮೆದುಗೊಳಿಸುವುದರಿಂದ ಕುಡಿದ ಕೂಡಲೇ ಬಾಯಿ ಮುಕ್ಕಳಿಸಿ, ಅರ್ಧ ತಾಸು ಹಲ್ಲುಜ್ಜಬೇಡಿರಿ. ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದಾದ್ದರಿಂದ, ಹಿಂಡಿದ ಕೈಯನ್ನು ಸಾಬೂನಿನಿಂದ ತೊಳೆದೇ ಹೊರಗೆ ಹೋಗಿರಿ.